ವರದಮ್ಮನ ಹಸಿರು ಸೀರೆ

ನಯಾಪೈಸೆ ಬಂದ ಮಾರನೆಯ ವರ್ಷ ಉಡುತಡಿಯ ಮಾಸ್ತಮ್ಮನ ಸೊಸೆ ವರದಮ್ಮ ವಿಷಮಜ್ವರ ಬಂದು ತೀರಿಕೊಂಡಳು. ಆಗತಾನೇ ಅಂಬೆಗಾಲಿಡಲು ಕಲಿಯುತ್ತಿದ್ದ ಹೆಣ್ಣುಕೂಸನ್ನು ಬಿಟ್ಟು ಹೋದಳು. ಆ ಕೂಸೋ, ಯಾರು ಎತ್ತಿಕೊಂಡರೂ ಮಲಗದು, ತೊಟ್ಟಿಲು ತೂಗಿ ತೂಗಿ ಕೈ ಬಿದ್ದುಹೋದರೂ ಮಲಗದು. ಸತ್ತವಳ ಬಟ್ಟೆಬರೆಯನ್ನೆಲ್ಲ ಒಗೆದು ಅವರಿವರಿಗೆ ಕೊಟ್ಟಾಗಿತ್ತು. ಗಿಣಿಹಸಿರಿನ ಒಂದು ಸೀರೆಯನ್ನು ಮಾತ್ರ ಮಾಸ್ತಮ್ಮ ಒಗೆಯದೆ ಬಚ್ಚಿಟ್ಟುಕೊಂಡಿದ್ದಳು. ಅದರಲ್ಲಿ ಸೊಸೆಯ ಮೈವಾಸನೆ, ಹಾಲಿನ ವಾಸನೆ ಹಾಗೇ ಉಳಿದಿತ್ತು. ಸೆರಗನ್ನು ಮುಖದ ಹತ್ತಿರ ಇಟ್ಟರೆ ಸಾಕು, ಕೂಸು ಅದಕ್ಕೆ ಮೂಗು ಒತ್ತಿಕೊಂಡು ನಿದ್ದೆಹೋಗುತ್ತಿತ್ತು.

ಹಿರಿಯರು ಕೂತು ಮಾತಾಡಿದರು. ಸೊರಬದಲ್ಲಿ ವರದಮ್ಮನ ತಾಯಿ ತಿಮ್ಮಮ್ಮನ ಮನೆಯಲ್ಲಿ ಸೊಸೆ ತನ್ನ ಕೂಸಿಗೆ ಹಾಲೂಡಿಸುತ್ತಿದ್ದಾಳೆ, ಇದೂ ಅಲ್ಲೇ ಬೆಳೆಯಲಿ ಎಂದು ತೀರ್ಮಾನವಾಯಿತು. ಅಮಾವಾಸ್ಯೆ ಕಳೆದ ಮೇಲೆ ತಿಮ್ಮಮ್ಮ ಬಂದು ಕರೆದೊಯ್ಯುವುದು. ಕೂಸಿನ ಅಪ್ಪ ಲೋಕಪ್ಪ ತಲೆ ತಗ್ಗಿಸಿ ಹೂಂ ಅಂದ. ಮಾಸ್ತಮ್ಮನನ್ನು ಕೇಳಿದವರಾದರೂ ಯಾರು? ಕೇಳಿದ್ದರೂ ಎದೆಹಾಲಿನ ಮಾತಿಗೆ ಎದುರಾಡುವುದು ಹೇಗೆ?

ಸೀರೆಯನ್ನು ಹಾಗೇ ಕಳಿಸಿದರೆ ಆ ತುಂಬಿದ ಮನೆಯಲ್ಲಿ ನಾಲ್ಕು ದಿನಕ್ಕೆ ಒರೆಸುವ ಬಟ್ಟೆಯಾಗುತ್ತದೆ. ಕೌದಿ ಹೊಲಿದರೆ ಯಾರೂ ಹರಿಯುವುದಿಲ್ಲ. ಕೂಸು ಯಾವ ಮಗ್ಗುಲಿಗೆ ಹೊರಳಿದರೂ ಮೂಗಿಗೆ ತಾಯಿ ಸಿಗಬೇಕು, ಪರವೂರಿನಲ್ಲಿ ಅತ್ತು ಅತ್ತು ಸಾಯಬಾರದು. ಇದೊಂದೇ ಅವಳ ಹಟವಾಯಿತು. ಅಂಥ ಕೌದಿಗೆ ಪ್ರತಿ ಚೌಕದಲ್ಲೂ ಅರ್ಧ ವರದಮ್ಮನ ಸೀರೆ, ಅರ್ಧ ಲೋಕಪ್ಪನ ಧೋತ್ರ ಬರಬೇಕು.

ಮಾಸ್ತಮ್ಮನ ಪದ್ಧತಿ ಅಂದರೆ ಮೊದಲು ಮುಕ್ಕೋನ ತುಂಡುಗಳನ್ನು ಕತ್ತರಿಸಿಕೊಂಡು ಆಮೇಲೆ ಒಂದಕ್ಕೊಂದು ಜೋಡಿಸುವುದು. ಓರೆ ಅಂಚು ಹಿಗ್ಗಿ ಚೌಕ ಸೊಟ್ಟಗಾಗುತ್ತಿತ್ತು, ಬಿಚ್ಚಿ ಮತ್ತೆ ಹೊಲಿಯಬೇಕಾಗುತ್ತಿತ್ತು. ವರದಮ್ಮ ತವರಿನಿಂದ ಬೇರೆಯೇ ವಿದ್ಯೆ ಕಲಿತು ಬಂದಿದ್ದಳು. ಹಸಿರು ಚೌಕದ ಮೇಲೆ ಬಿಳಿ ಚೌಕವನ್ನು ಕವುಚಿ ಹಾಕಿ, ಮೂಲೆಯಿಂದ ಮೂಲೆಗೆ ಉಗುರಿನಲ್ಲಿ ಗೆರೆ ಎಳೆದು, ಗೆರೆಯ ಈಚೆಗೊಂದು ಆಚೆಗೊಂದು ಹೊಲಿಗೆ ಹಾಕುವುದು. ಆಮೇಲೆ ಗೆರೆಯ ಮೇಲೇ ಕತ್ತರಿ ಆಡಿಸಿ ಬಿಡಿಸಿದರೆ ಎರಡು ಚೌಕ ತಯಾರು, ಎರಡರಲ್ಲೂ ಅರ್ಧ ಹಸಿರು, ಅರ್ಧ ಬಿಳಿ. ಸೊಟ್ಟಗಾಗುವ ಮಾತೇ ಇಲ್ಲ. ಹೊಲಿದು ಆಮೇಲೆ ಕತ್ತರಿಸುವುದು ಸೋಮಾರಿಗಳ ಕೆಲಸ ಎಂದು ಅತ್ತೆ ಆಗ ಮೂಗು ಮುರಿದಿದ್ದಳು. ಈಗ ಅಮಾವಾಸ್ಯೆಯೊಳಗೆ ಮುಗಿಯಬೇಕೆಂದರೆ ಅದೇ ಗತಿ. ಒಂದು ಒಳ್ಳೆಯ ಮಾತು ಆಡಿದ್ದರೆ ಗಂಟೇನು ಹೋಗುತ್ತಿತ್ತು ಎಂದು ಈಗ ಪರಿತಪಿಸಿ ಏನು ಬಂತು!

ಆದರೆ ಕೆಲಸ ಕೆಟ್ಟದ್ದು ಸೂಜಿ ಹಿಡಿಯುವುದಕ್ಕೆ ಮೊದಲೇ. ಹಳೇ ಬಟ್ಟೆಯನ್ನು ಸೋಡಾದಲ್ಲಿ ನೆನೆಹಾಕಿ, ಕುಕ್ಕಿ ಒಗೆಯದೆ ಯಾವ ಹೆಂಗಸೂ ಕೌದಿಗೆ ಕೂರುವುದಿಲ್ಲ. ಮಾಸ್ತಮ್ಮನ ಕೈಗೆ ಅದು ವಯಸ್ಸಿಗೆ ಬಂದಾಗಿನಿಂದ ಅಂಟಿದ ರೂಢಿ. ಮನಸ್ಸು ಎಲ್ಲಿತ್ತೋ ಏನೋ, ಧೋತ್ರ, ಹಳೇ ದುಪ್ಪಟಿ, ಹಸಿರು ಸೀರೆ ಎಲ್ಲವನ್ನೂ ಒಂದೇ ಗಂಟು ಕಟ್ಟಿ ಕೆರೆಗೆ ಹೋದಳು. ಕಲ್ಲಿಗೆ ಕುಕ್ಕಿ, ಹಿಂಡಿ, ಏರಿಯ ಮೇಲೆ ಹರವಿದಳು. ಒಣಗಿದ ಸೀರೆಯನ್ನು ಮಡಿಸಲು ಎದೆಗೆ ಹಿಡಿದಾಗ ಮೂಗಿಗೆ ಬಂದದ್ದು ಬಿಸಿಲಿನ ವಾಸನೆ ಮಾತ್ರ. ನನ್ನ ಕೈ ಸೇದಿಹೋಗಲಿ ಎಂದು ತನಗೆ ತಾನೇ ಶಾಪ ಹಾಕಿಕೊಂಡಳು.

ಯಾರಿಗೂ ಹೇಳಲಿಲ್ಲ. ಆವತ್ತಿನಿಂದ ಕೂಸು ಹಟ ಹಿಡಿದು ಅಳತೊಡಗಿದರೆ ಹಲ್ಲು ಬರುತ್ತಿದೆ ಎಂದು ಲೋಕಪ್ಪನಿಗೆ ಸುಳ್ಳು ಹೇಳಿದಳು. ಬಣ್ಣವನ್ನಾದರೂ ಗುರುತು ಹಿಡಿದೀತು, ಮೆತ್ತಗಿನ ನೂಲನ್ನಾದರೂ ಗುರುತು ಹಿಡಿದೀತು ಎಂದುಕೊಂಡು ಉಣ್ಣುವುದನ್ನೂ ಮರೆತು ಹೊಲಿದಳು. ಕೌದಿ ಮಾತ್ರ ಎಷ್ಟು ಚೆಂದ ಬಂತೆಂದರೆ ಓಣಿಯ ಹೆಂಗಸರು ನೋಡಲು ಬಂದರು.

ಹೇಳಿದ ದಿನಕ್ಕೆ ತಿಮ್ಮಮ್ಮ ಬಂದಳು. ಕಾಲು ತೊಳೆದು ಒಳಗೆ ಬಂದವಳಿಗೆ ಮೊದಲು ಕಂಡದ್ದು ಕೌದಿ. ಮಗಳ ಸೀರೆ ಎಂದು ಗೊತ್ತಾಗಿ ಅದರೊಳಗೆ ಮುಖ ಹುದುಗಿಸಿದಳು. ಒಂದು ಕಡೆ ಮೂಸಿದಳು, ತಿರುಗಿಸಿ ಇನ್ನೊಂದು ಕಡೆ ಮೂಸಿದಳು.

"ಒಗೆದ್ರೇನ್ರೀ ಇದನ್ನ?" ಎಂದು ಕೇಳಿದಳು.

"ಒಗೆದ್ಬಿಟ್ಟೆ ಅಕ್ಕಾ. ಕೈ ತಪ್ತು," ಅಂದಳು ಮಾಸ್ತಮ್ಮ.

"ಇದ್ರಲ್ಲಾದ್ರೂ ಅವ್ಳು ಸಿಗ್ತಾಳೆ ಅಂದ್ಕಂಡು ಬಂದಿದ್ದೆ ಕಣ್ರೀ."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ತಿಮ್ಮಮ್ಮ ಬೈಯಲಿಲ್ಲ, ಕೂಸನ್ನು ಕೌದಿಯ ಮೇಲೆ ಮಲಗಿಸಿದಳು. ಅದು ಒಂದು ಹಸಿರು ತುಂಡಿಗೆ ಮೂಗು ಒತ್ತಿತು, ಪಕ್ಕದ್ದಕ್ಕೆ ಒತ್ತಿತು, ತೆವಳಿಕೊಂಡು ಹೋಗಿ ಮತ್ತೊಂದಕ್ಕೆ ಒತ್ತಿತು. ಆಮೇಲೆ ಬಾಯಿ ಬಿಟ್ಟು ಅಳತೊಡಗಿತು. ಮಾಸ್ತಮ್ಮ ಎತ್ತಿಕೊಂಡಳು, ತಟ್ಟಿದಳು, ನಿಲ್ಲಲಿಲ್ಲ. ತಿಮ್ಮಮ್ಮ ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡಳು. ಕೂಸು ಅವಳ ಕೊರಳ ಸಂದಿಗೆ ಮೂಗು ತೂರಿಸಿತು, ಬಿಕ್ಕಿತು, ಸುಮ್ಮನಾಯಿತು. ಹೆತ್ತವಳ ಮೈಯಲ್ಲವೇ, ಮಗಳ ವಾಸನೆ ಅಲ್ಲೆಲ್ಲೋ ಒಂಚೂರು ಇದ್ದಿರಬೇಕು. ನೋಡುನೋಡುತ್ತಿದ್ದಂತೆ ನಿದ್ದೆಹೋಯಿತು.

ಕೂಸು ನೆಮ್ಮದಿಯಾಗಿ ಮಲಗಲಿ ಎಂದು ಮಾಸ್ತಮ್ಮ ಕಂಡಕಂಡ ದೇವರಿಗೆಲ್ಲ ಕೈಮುಗಿದಿದ್ದಳು. ಈಗ ಮಲಗಿತ್ತು, ಅದನ್ನು ನೋಡುವುದು ಅವಳಿಂದ ಆಗಲಿಲ್ಲ. ಈ ಮನೆಯಲ್ಲಿ ಅದಕ್ಕೆ ಬೇಕಾದದ್ದು ಇನ್ನೇನೂ ಇರಲಿಲ್ಲ.

ಕೌದಿಯನ್ನು ಏನು ಮಾಡುವುದೆಂದು ತಿಮ್ಮಮ್ಮ ಕೇಳಿದಳು. ಮಾಸ್ತಮ್ಮ ಅದನ್ನು ಮಡಿಸಿ ಅವಳ ಕೈಚೀಲದಲ್ಲಿಟ್ಟಳು.

"ತಗಂಡೋಗ್ರಿ ಅಕ್ಕಾ, ಚಳಿಗಾದ್ರೂ ಆಕ್ಕತಿ."

ಅಷ್ಟು ಹೇಳಿ ಒಳಗೆ ಹೋದವಳು ಸೊರಬದ ಬಸ್ಸಿನ ಸದ್ದು ಕೇಳಿದರೂ ಹೊರಗೆ ಬರಲಿಲ್ಲ.