ಗೆರೆಗೂ ಮೆಟ್ಟಿಲಿಗೂ ನಡುವೆ

“ಹಿಂದಕ್ ಸರಿಯೇ ಮುಂಡೆ! ಗೆರೆ ಕಾಣಾಕಿಲ್ವಾ ನಿಂಗೆ?”

ಜವಾನ ವೆಂಕಟರಮಣಪ್ಪ ಕೋಲಿನಿಂದ ನಾರಮ್ಮ ಮಾರಲಿಟ್ಟಿದ್ದ ಎಕ್ಕಡಗಳನ್ನು ಚೆಲ್ಲಾಪಿಲ್ಲಿ ಮಾಡಿದ. ಅವಳ ಎರಡೂ ಪಾದಗಳು ಸುಣ್ಣದ ಗೆರೆಯ ಆಚೆ ಇದ್ದವು, ಸುಳ್ಳು ಹೇಳುವುದಿಲ್ಲ. ಸಾಹುಕಾರ ಮರುಳಸಿದ್ದಪ್ಪನವರು ಅಂಗಡಿಯಿಂದ ಇಳಿದರು, ಇವಳು ಎದ್ದು ದಾರಿ ಬಿಟ್ಟಳು. ನಡೆದದ್ದು ಅಷ್ಟೇ.

“ಇದೊಂದ್ ಸಲ ಬಿಟ್ಟಿವ್ನಿ. ಇನ್ನೊಂದ್ ಸಲ ದಾಟುದ್ರೆ ಬಿಲ್ಲೆ ಕಿತ್ಕಂಡು ಸಾಮಾನೆಲ್ಲಾ ಬಂಡೀಗ್ ಹಾಕುಸ್ತೀನಿ. ಅರ್ಥಮೈಂದಾ?”

ಪಕ್ಕದಲ್ಲಿ ಪೊರಕೆ ಮಾರುವ ನನಗೂ ಹೋದ ವಾರ ಅವನು ಇದೇ ಮಂತ್ರ ಹೇಳಿದ್ದ.

ಹಿಂದೂಪುರದ ಹುಣಿಸೆ ಮಂಡಿ ಬೀದಿಯಲ್ಲಿ ಬಸ್ಸು, ಬಂಡಿಗೆ ನಾವು ಅಡ್ಡಿಯೆಂದು ಪುರಸಭೆ ಆಫೀಸಿನವರು ಆ ಗೆರೆ ಎಳೆಸಿದ್ದರು. ಗೆರೆಯಾಚೆ ಸರ್ಕಾರದ್ದು. ಈಚೆ ಎರಡು ಮೊಳ ಅಗಲದ ಚರಂಡಿ ಚಪ್ಪಡಿ, ಅದರ ಹಿಂದೆ ಸಾಹುಕಾರರ ಮೆಟ್ಟಿಲು, ಜಗಲಿ. ಚಪ್ಪಡಿಗೆ ನಂಬರು ಬರೆದು, ಅದೇ ನಂಬರಿನ ತಗಡಿನ ಬಿಲ್ಲೆಯನ್ನು ನಮ್ಮ ಕೊರಳಿಗೆ ಕಟ್ಟಿದ್ದರು. ನಂಬರು ಬಿಟ್ಟು ಬೇರೆ ಕಡೆ ಕೂರುವಂತಿಲ್ಲ. ಮೆಟ್ಟಿಲಿನ ನೇರಕ್ಕಿದ್ದ ನಂಬರು ಯಾರಿಗೂ ಬೇಡವಾಗಿ ನಾರಮ್ಮನ ಪಾಲಿಗೆ ಬಂತು. ಅವಳ ಒಂದು ಪಕ್ಕ ರಾಮಾಂಜಿನಮ್ಮನ ಮಡಕೆ, ಇನ್ನೊಂದು ಪಕ್ಕ ನನ್ನ ಪೊರಕೆ. ನಡುವೆ ಒಬ್ಬರು ದಾಟುವಷ್ಟು ಸಂದಿಯಿತ್ತು. ಮೈ ಸೋಕದೆ ದಾಟುವಷ್ಟು ಇರಲಿಲ್ಲ.

ನಮ್ಮ ಕೇರಿಯ ಮಕ್ಕಳು ನಡೆಯುವುದಕ್ಕೆ ಮೊದಲು ಸರಿಯುವುದನ್ನು ಕಲಿಯುತ್ತವೆ. ಸಾಹುಕಾರರು ಕೆಮ್ಮಿದರೆ ಸಾಕು, ನಮ್ಮನ್ನು ಕೇಳದೆಯೇ ಮೊಣಕಾಲು ಎದ್ದುಬಿಡುತ್ತದೆ. ಎದ್ದು ಎಲ್ಲಿಗೆ ಹೋಗುವುದು? ಹಿಂದೆ ಅವರ ಮೆಟ್ಟಿಲು, ಮುಂದೆ ಇವರ ಗೆರೆ.

ಬಿಲ್ಲೆ ಹೋದರೆ ನಾರಮ್ಮನ ಒಲೆ ಉರಿಯುವಂತಿರಲಿಲ್ಲ. ಗಂಡ ಮುನೆಪ್ಪ ಕಲ್ಯಾಣದುರ್ಗದ ಸಂತೆಯಿಂದ ಚರ್ಮ ಹೊತ್ತು ತಂದು ಬೇಸಿಗೆಯೆಲ್ಲಾ ಹೊಲಿದದ್ದು ಅವಳ ಮುಂದಿತ್ತು. ಹಳ್ಳಿಗೆ ಹೋಗಿ ಮಾರೋಣವೆಂದರೆ ಸೋಮಂದೇಪಲ್ಲಿ ಕಡೆಯ ರೈತರು ಟೈರಿನ ಚಪ್ಪಲಿಗೆ ಮರುಳಾಗಿದ್ದರು.

ಆ ಸಂಜೆ ಅವಳು ದೂರದಲ್ಲೇ ನಿಂತು ಸಾಹುಕಾರರಿಗೆ ಕೈಮುಗಿದಳು.

“ಸ್ವಾಮೀ, ನೀವ್ ಇಳಿಯೋವಾಗ ಜಗಲಿ ಮೂಲೇಗ್ ನಿಂತ್ಕಂತೀನಿ. ರೋಡಿಗಿಳುದ್ರೆ ಬಿಲ್ಲೆ ಹೋಯ್ತದೆ.”

“ಸ್ವರಾಜ್ಯ ಬಂತು ಅಂತ ಜಗಲಿ ಹತ್ತೀಯೇನೇ? ನಾಳೀಕೆ ಪೂಜೆ ಕೋಣೇಗೂ ಬತ್ತೀನಿ ಅಂತೀಯ. ಕಾಲ್ ಮುರುದ್ಬುಟ್ಟೇನು!”

ಅವರ ಕಾಲಲ್ಲಿದ್ದದ್ದು ಮುನೆಪ್ಪ ಹೊಲಿದ ಎಕ್ಕಡ. ಅದು ಜಗಲಿ ಹತ್ತಬಹುದಿತ್ತು. ನಾನು ತಲೆ ತಗ್ಗಿಸಿ ಪೊರಕೆ ಕಟ್ಟುತ್ತಾ ಕುಳಿತೆ.

ಮರುದಿನ ಮಧ್ಯಾಹ್ನ ಜವಾನ ಬೀದಿಯಲ್ಲಿ ಬರುತ್ತಿದ್ದ. ಅದೇ ಹೊತ್ತಿಗೆ ಮೇಲೆ ಸಾಹುಕಾರರು ಕೆಮ್ಮಿದರು. ನಾರಮ್ಮನ ಮೊಣಕಾಲು ಎದ್ದಿತು. ಅವಳು ಎರಡೂ ಕೈಯಿಂದ ಅದನ್ನು ಒತ್ತಿ ಹಿಡಿದು ಕುಳಿತಳು.

“ಏಳೇ,” ಎಂದರು ಸಾಹುಕಾರರು. ಕಾಲು ಕೊನೆಯ ಮೆಟ್ಟಿಲಲ್ಲೇ ನಿಂತಿತು.

“ಎದ್ದು ಯಾವ್ ಕಡೀಕ್ ಹೋಗ್ಲಿ ಸ್ವಾಮಿ? ನೀವಿಬ್ರೂ ಮಾತಾಡ್ಕಂಡು ಒಂದ್ ಕಡೆ ತೋರ್ಸಿ. ಅತ್ಲಾಗೇ ಹೋಯ್ತೀನಿ.”

ಜವಾನ ಸಾಹುಕಾರರ ಮುಖ ನೋಡಿದ, ಸಾಹುಕಾರರು ಜವಾನನ ಮುಖ ನೋಡಿದರು. ರಾಮಾಂಜಿನಮ್ಮ ಮಡಕೆಯ ಮರೆಯಲ್ಲಿ ನಕ್ಕುಬಿಟ್ಟಳು. ಅದಕ್ಕೇ ಸಾಹುಕಾರರಿಗೆ ತಲೆ ಕೆಟ್ಟಿತು.

“ಲೇ ಕದಿರಾ! ಅದೇನ್ ನೋಡ್ತಾ ಕುಂತಿದೀಯ? ಪೊರಕೆ ತಗಂಡು ಅತ್ಲಾಗ್ ನೂಕ್ಲಾ ಅವ್ಳನ್ನ!”

ನಾನು ಎದ್ದೆ. ಪೊರಕೆಯನ್ನೂ ಹಿಡಿದೆ. ಥೂ ನನ್ನ ಜನ್ಮಕ್ಕೆ, ನಾರಮ್ಮ ನನ್ನ ಕೇರಿಯವಳು, ನನ್ನ ಹೆಂಡತಿಯ ಹೆರಿಗೆ ಮಾಡಿಸಿದವಳು. ಅವಳು ನನ್ನ ಪಾದ ನೋಡಿದಳು. ಜವಾನನೂ ನೋಡಿದ.

ಅವಳ ಎದುರಿಗೆ ಬರಬೇಕೆಂದು ನಾನು ಗೆರೆ ದಾಟಿದ್ದೆ.

“ನಿಂದು ಇದು ಎರಡ್ನೇ ಸಲ ಕಣ್ಲಾ,” ಎಂದ ವೆಂಕಟರಮಣಪ್ಪ, ನನ್ನ ಕೊರಳಿಗೆ ಕೈ ಹಾಕಿ. ದಾರ ಕಿತ್ತು ಬಂತು. “ಸಾವ್ಕಾರ್ರು ಕಣಣ್ಣಾ ನೂಕು ಅಂದಿದ್ದು,” ಎಂದೆ. ಸಾಹುಕಾರರು ಬೇರೆ ಕಡೆ ಮುಖ ಮಾಡಿದ್ದರು. ಜವಾನ ನಾರಮ್ಮನ ಬಿಲ್ಲೆಗೂ ಕೈ ಚಾಚಿದ. ಗೆರೆಯ ಒಳಗೇ ಕೂತಿದ್ದಳಲ್ಲ ಎಂದು ನಾನು ಕೇಳಿದರೆ, ಸಾಹುಕಾರರಿಗೆ ಎದುರುತ್ತರ ಕೊಟ್ಟಳಂತೆ. ಅದನ್ನೂ ಕಿತ್ತುಕೊಂಡು ಬಂಡಿ ತರಲು ಹೋದ.

ನಾನು ಬೀದಿಯಲ್ಲಿ ಪೊರಕೆ ಹಿಡಿದು ನಿಂತೇ ಇದ್ದೆ. ಅವಳ ಮುಖ ನೋಡಲು ನಾಚಿಕೆಯಾಗುತ್ತಿತ್ತು.

“ಕುಂತ್ಕಳಪ್ಪಾ ಕದಿರಣ್ಣ,” ಎಂದಳು ನಾರಮ್ಮ. “ಬಂಡಿ ಬರೋಗಂಟ ಮಾರಾನ. ಕೂಗು.”

ಗೆರೆಯ ಮೇಲೆಯೇ ಕುಳಿತೆ. ಹೊಟ್ಟೆಯಿಂದ ಕೂಗಿದೆ. ಅವಳೂ ಕೂಗಿದಳು. ಸಾಹುಕಾರರು ಇಳಿಯಲಾಗದೆ ಮೆಟ್ಟಿಲ ಮೇಲೆಯೇ ಇದ್ದರು. ಬೀದಿಯ ತುದಿಯಲ್ಲಿ ಬಂಡಿ ನಮ್ಮ ಕಡೆಗೆ ತಿರುಗಿದ್ದು ಕಂಡಿತು. ನಾವು ಕೂಗುತ್ತಲೇ ಇದ್ದೆವು.