ಕಂಬದ ದಪ್ಪಕ್ಕೆ ಸರಿಯಾಗಿ

ವಿಮಾನದ ಬಾಗಿಲು ತೆರೆದದ್ದೇ ತಡ ಗಾಳಿ ನುಗ್ಗಿ ಕಪಾಳಕ್ಕೆ ಬಾರಿಸಿತು, ಡೋಂಬಿವಲಿ ಪ್ಲಾಟ್‌ಫಾರ್ಮಿಗೆ ಮುಂಬೈಯ ಫಾಸ್ಟ್ ಲೋಕಲ್ ರೈಲು ನುಗ್ಗುವಾಗ ಬಾರಿಸುವ ಹಾಗೆ, ಅದೇ ಕಬ್ಬಿಣದ ವಾಸನೆ — ಹತ್ತು ಸಾವಿರ ಅಡಿ ಮೇಲೆ ಕಬ್ಬಿಣ ಎಲ್ಲಿಂದ, ವಾಸನೆ ತನ್ನ ಅಂಗೈಯದ್ದೇ, ಬಾಗಿಲ ಪಕ್ಕದ ಸರಳನ್ನು ಯಾವಾಗ ಹಿಡಿದೆ ಎಂಬುದು ಆಶ್ರಿತಾಳಿಗೇ ಗೊತ್ತಿಲ್ಲ. ಬೆನ್ನಿಗೆ ಬೆಲ್ಟಿನಲ್ಲಿ ಬಿಗಿದುಕೊಂಡ, ಜಿಗಿತ ಕಲಿಸುವ ಕದಮ್ ಕಿವಿಗೆ ಕೂಗುತ್ತಾನೆ, ಮೇಡಂ, ಹಾಥ್ ಛೋಡೋ, ಕೈ ಬಿಡಿ, ಎರಡೂ ಕೈ ಎದೆ ಮೇಲೆ, ನೆಲದಲ್ಲಿ ಹೇಳಿಕೊಟ್ಟೆನಲ್ಲ. ಹೇಳಿಕೊಟ್ಟಿದ್ದ, ಇವಳೂ ಹೂಂಗುಟ್ಟಿದ್ದಳು. ಕ್ಯಾಪ್ಟನ್ ಆದದ್ದಕ್ಕೆ ಜೊತೆಯ ಪೈಲಟ್‌ಗಳು ಕೊಟ್ಟ ಉಡುಗೊರೆ ಈ ಜಿಗಿತ, ಇಷ್ಟು ವರ್ಷ ಕೂತುಕೊಂಡೇ ಇಳಿದಿದ್ದೀಯ ತಾಯಿ, ಒಂದು ಸಲ ಬಿದ್ದು ನೋಡು ಎಂದು ನಕ್ಕಿದ್ದರು, ಬಿದ್ದು ನೋಡು, ಎಷ್ಟು ಸಲೀಸು ಬಾಯಿಗೆ, ದುಡ್ಡು ಕೊಟ್ಟು ಬೀಳುವವರು, ಕ್ಯಾಮೆರಾ ಕಟ್ಟಿಕೊಂಡು ಬೀಳುವವರು, ಬಿದ್ದು ಎದ್ದು ಪಾರ್ಟಿ ಮಾಡುವವರು — ತಮ್ಮ ಲತೀಶ ಲೋಕಲಿನ ಪಾಸು ತೆಗೆಸಿದ್ದು ಬೀಳುವುದಕ್ಕಲ್ಲ, ಮಹಾಪೆಯ ಆಫೀಸು ಮುಟ್ಟುವುದಕ್ಕೆ. ಬೆಳಿಗ್ಗೆ ಇವಳಿಂದ ಸಹಿ ಹಾಕಿಸಿಕೊಂಡರು, ಸತ್ತರೆ ನಾನೇ ಹೊಣೆ ಎಂದು, ತಮ್ಮ ಅಂಥದ್ದಕ್ಕೆ ಸಹಿ ಹಾಕಿರಲಿಲ್ಲ, ಏಳು ವರ್ಷದ ಹಿಂದೆ ಪಂಚನಾಮೆ ಬರೆದ ಪೊಲೀಸನು ಅವನ ಪರವಾಗಿ ಹಾಕಿಬಿಟ್ಟ, ಮುಂಬ್ರಾ ಹತ್ತಿರ ಓಡುವ ಗಾಡಿಯ ಬಾಗಿಲಲ್ಲಿ ಆಟವಾಡುತ್ತಾ ತಾನಾಗಿ ಕೈಬಿಟ್ಟ, ಮುಗಿಯಿತು, ಮುಂದಿನ ಹೆಣ. ಕೆಳಮನೆಯ ಯಜ್ಞೇಶ್ವರ ಮಾಮನೂ ಹದಿಮೂರನೇ ದಿನದ ಊಟಕ್ಕೆ ಕೂತು ಅದನ್ನೇ ಹೇಳಿದರು, ಪ್ರಾಯದ ಹುಡುಗರು, ಗಾಳಿ ಕುಡಿಯುವ ಶೋಕಿ, ಒಳಗೆ ಹೋಗಿ ನಿಲ್ಲಬಾರದಾ — ಒಳಗೆ, ಕಲ್ಯಾಣದಿಂದಲೇ ಗಂಟಲವರೆಗೆ ತುಂಬಿ ಬರುವ ಗಾಡಿಗೆ ಒಳಗು ಎಂಬುದು ಎಲ್ಲುಂಟು ಮಾಮ, ಗಾಡಿ ಹತ್ತುವ ಗೋಜಿಲ್ಲದೆ ಮನೆ ಕೆಳಗೇ ಹೊಟೇಲು ಇಟ್ಟವರು ನೀವು, ಪಾಯಸ ಹಾಕಿಸಿಕೊಳ್ಳಿ. ಅವಳ ವಿಮಾನದಲ್ಲಿ ಒಂದು ಬಾಗಿಲು ಮುಚ್ಚಿಲ್ಲವೆನ್ನುವ ದೀಪ ಆರದಿದ್ದರೆ ಒಂದು ಗೇಣು ಕದಲುವಂತಿಲ್ಲ, ಅಲ್ಲಿ ಸಾವಿರಾರು ಜನರನ್ನು ತುರುಕಿಕೊಂಡು ಬಾಗಿಲು ಹಾಕದೆಯೇ ಓಡಿಸುತ್ತಾರೆ, ಬಿದ್ದವನದ್ದೇ ತಪ್ಪು. ಕೆಳಗೆ ಉಲ್ಹಾಸ್ ನದಿ, ಶಹಾಡಿನ ಚಿಮಣಿ, ಕಲ್ಯಾಣದಲ್ಲಿ ಕವಲೊಡೆಯುವ ಹಳಿ, ಹಳಿಯ ಮೇಲೆ ತೆವಳುವ ಹುಳ, ಅದಕ್ಕೆ ಜೋತವರು ಕಾಣುವುದಿಲ್ಲ, ಮೇಲೆ ಕೂತವರಿಗೆ ಯಾವತ್ತು ಕಂಡಿದ್ದಾರೆ. ಅಮ್ಮ ದಿನಾ ತಮ್ಮನಿಗೆ ಡಬ್ಬಿಯ ಜೊತೆ ಒಂದು ಮಾತು ಕಟ್ಟಿ ಕೊಡುತ್ತಿದ್ದಳು, ಮಗಾ, ಬಾಗಿಲ ನಡುವಿನ ಕಂಬ ಬಿಡಬೇಡ. ಈಗ ಇವಳು ಡ್ಯೂಟಿ ಮುಗಿಸಿ ಬಂದು ಚಪ್ಪಲಿ ಬಿಡುವ ಮೊದಲೇ ಅಮ್ಮ ಕೇಳುತ್ತಾಳೆ, ನೀನು ಪೈಲಟ್ ಅಲ್ವಾ, ಬೀಳುವುದೆಲ್ಲ ನಿನಗೆ ಗೊತ್ತುಂಟು, ಹೇಳು ಮಾರಾಯ್ತಿ, ಅವ ಬಿಟ್ಟದ್ದಾ, ಬಿಡಿಸಿದ್ದಾ. ಹಾರುವವಳಿಗೆ ಬೀಳುವುದು ಏನು ಗೊತ್ತಮ್ಮ. ಆ ಉತ್ತರಕ್ಕೇ ಬಂದದ್ದು ಇವತ್ತು, ಉಡುಗೊರೆಯಂತೆ, ಮಣ್ಣಂಗಟ್ಟಿ. ಆಸ್ಪತ್ರೆಯಲ್ಲಿ ಬಟ್ಟೆ ಸರಿಸಿದಾಗ ಮೊದಲು ಕಂಡದ್ದು ಅವನ ಬಲಗೈ, ಮುಷ್ಟಿ ಪೂರ್ತಿ ಮುಚ್ಚಿರಲಿಲ್ಲ, ನಡುವೆ ಕಂಬದ ದಪ್ಪಕ್ಕೆ ಸರಿಯಾಗಿ ಒಂದು ತೂತು, ಅಪ್ಪ ಬೆರಳು ಬಿಡಿಸಲು ನೋಡಿದರು, ಬರಲಿಲ್ಲ. ನೋಡಿ ಸಾಹೇಬ್ರೆ, ಇದು ಬಿಟ್ಟ ಕೈಯಾ, ಎಂದು ಇವಳು ಕೇಳಿದ್ದಕ್ಕೆ ಆ ಪೊಲೀಸ, ಸತ್ತ ಕೈ ಹಾಗೇ ಇರ್ತದೆ, ನೀವು ಓದಿದವರು, ಬಾಜೂ ಸರಿಯಿರಿ — ಮೇಡಂ, ಹೋಗೋಣವಾ ಬೇಡವಾ, ಬೇಡ ಅಂದರೆ ವಿಮಾನದಲ್ಲೇ ವಾಪಸ್ ಇಳಿಯೋಣ, ಕಿವಿಯಲ್ಲಿ ಕದಮ್. ಹೋಗೋಣ ಎಂದು ತಲೆಯಾಡಿಸುತ್ತಾಳೆ, ಹೋಗೋಣ ಎಂದು ಬಾಯಿಯೂ ಅನ್ನುತ್ತದೆ, ಬಿಡು ಎಂದು ತನ್ನ ಕೈಗೆ ತಾನೇ ಹೇಳುತ್ತಾಳೆ, ಕೈ ಕೇಳುವುದಿಲ್ಲ, ಬೆನ್ನ ಹಿಂದೆ ಪ್ಯಾರಾಚೂಟ್ ಇದೆ, ಬಿಡಲಿಕ್ಕೆಂದೇ ಬಂದವಳು, ಆದರೂ ಕೇಳುವುದಿಲ್ಲ, ಕದಮ್ ಕೈಚಾಚಿ ಒಂದೊಂದೇ ಬೆರಳು ಕಿತ್ತು ಬಿಡಿಸುತ್ತಿದ್ದಾನೆ, ಬಿಡಿಸಿದ ಬೆರಳು ತಿರುಗಿ ಹೋಗಿ ಹಿಡಿಯುತ್ತದೆ, ಬಿಡುವುದಿಲ್ಲ ಅಮ್ಮ, ಬಿಡಬೇಕೆಂದರೂ ಬಿಡುವುದಿಲ್ಲ ಇದು, ಆ ಗಾಡಿಯಲ್ಲಿ ಎಷ್ಟು ಭುಜ, ಎಷ್ಟು ಬೆನ್ನು ಸೇರಿ ಬಿಡಿಸಿರಬೇಕು — ಕೊನೆಯ ಬೆರಳು, ನೆಲವಿಲ್ಲ, ಗಾಳಿ, ಗಾಳಿ, ಕೆಳಗೆ ಹಳಿ, ಕೈ ಎದೆಗೆ ಎಂದು ಯಾರೋ ಕೂಗುತ್ತಿದ್ದಾರೆ, ಕಣ್ಣೆದುರು ಅವಳದೇ ಬಲಗೈ, ಮುಚ್ಚಿಯೂ ಮುಚ್ಚದ ಮುಷ್ಟಿ, ನಡುವೆ ಕಂಬದ ದಪ್ಪಕ್ಕೆ ಸರಿಯಾಗಿ ಒಂದು ತೂತು