ಕೌಸಲ್ಯಮ್ಮನ ಮನೆಗೆ ಹೋಗುವ ವೈರು

೧
ಈ ಕಥೆಯನ್ನು ವೈರಿನ ಯಾವ ತುದಿಯಿಂದ ಹಿಡಿಯಲಿ? ಒಂದು ತುದಿ ಮುಂಬಯಿಯ ಬೊರಿವಲಿಯ ಬಿಲ್ಡಿಂಗೊಂದರ ಎರಡನೇ ಮಾಳಿಗೆಯಲ್ಲಿ, ಬ್ಯಾಂಕಿನ ಸತ್ಯಮೂರ್ತಿಯ ಹೊಸ ವಿಸಿಆರಿನಲ್ಲಿದೆ. ಅಲ್ಲಿಂದ ಮನೆಮನೆಯ ಟಿವಿಗೂ ಒಂದೊಂದು ವೈರು. ಅವನು ಕ್ಯಾಸೆಟ್ ಹಾಕಿದರೆ ಬಿಲ್ಡಿಂಗಿಗೆಲ್ಲ ಸಿನಿಮಾ. (೧೯೮೮ರ ಮಾತು, ನಗಬೇಡಿ.)

ಇನ್ನೊಂದು ತುದಿ ಕೌಸಲ್ಯಮ್ಮನದು. ಕಾಲು ಮುರಿದು ಮಲಗಿದ್ದರಿಂದ ಮೈಸೂರಿನಲ್ಲಿ ನಡೆದ ಮೊಮ್ಮಗಳ ಮದುವೆಗೆ ಅವರಿಗೆ ಹೋಗಲಾಗಲಿಲ್ಲ. ಆ ಸಂಕಟ ಕಾಲುನೋವಿಗಿಂತ ದೊಡ್ಡದು. ಈಗ ತಮ್ಮನ ಮಗ ತಿರುಮಲೇಶ ಮದುವೆಯ ಕ್ಯಾಸೆಟ್ ತಂದಿದ್ದಾನೆ. ಇರುವುದು ಅದೊಂದೇ, ಬೀಗರೂ ಇನ್ನೂ ನೋಡಿಲ್ಲ. ಸಂಜೆ ದಾದರಿನಲ್ಲಿ ಅವನ ಜೊತೆ ಅದೂ ರೈಲು ಹತ್ತಬೇಕು.

೨
(ಇಲ್ಲಿ ವಿಸಿಆರಿನ ಚರಿತ್ರೆ ಬರೆದಿದ್ದೆ. ಹರಿದುಹಾಕಿದೆ. ನೀವು ಬಚಾವ್.)

೨, ಮತ್ತೆ
ಸತ್ಯಮೂರ್ತಿ ವೈರುಗಳಿಗೆ ರೂಮ್ ನಂಬರಿನ ಬದಲು ಮನೆಯವರ ಹೆಸರಿನ ಚೀಟಿ ಅಂಟಿಸಿದ್ದ. ಮನೆಯ ಮದುವೆ ಊರಿಗೆಲ್ಲ ಯಾಕೆಂದು ಉಳಿದವನ್ನೆಲ್ಲ ಕಿತ್ತು, ‘ಕೌಸಲ್ಯಾ’ ಚೀಟಿಯ ವೈರನ್ನಷ್ಟೇ ಸಿಕ್ಕಿಸಿ ಕ್ಯಾಸೆಟ್ ಹಾಕಿದ.

ಕೆಳಗೆ ಕೌಸಲ್ಯಮ್ಮನ ಟಿವಿಯಲ್ಲಿ ಚಿತ್ರವಿಲ್ಲ, ಬರೀ ಇರುವೆ ಹರಿದಂತೆ ಚುಕ್ಕೆ. ಮೂರನೇ ಮಾಳಿಗೆಯಿಂದ ಗೆಳತಿ ಅಲಮೇಲಮ್ಮನ ಕೂಗು: “ಕೌಸಲ್ಯಾ, ನೋಡ್ದೆಯೇನೇ? ಹುಡುಗಿ ಎಷ್ಟ್ ಲಕ್ಷಣವಾಗಿದಾಳೆ! ಧಾರೆ ಶುರುವಾಯ್ತು!”

“ಏಕ್ ಮಿನಿಟ್ ಅಮ್ಮಾ,” ಎಂದು ಸತ್ಯಮೂರ್ತಿ ಕೆಳಗಿಳಿದು ಬಂದು ಟಿವಿಯ ನೆತ್ತಿಗೆ ಗುದ್ದಿದ.

೩
ಇಲ್ಲಿ ನಾನು ಕಲಾತ್ಮಕವಾಗಿ ಮುಗಿಸಲು ನೋಡಿದೆ: ಗೆಳತಿ ಕೂಗಿ ಹೇಳುತ್ತಾಳೆ, ಕೌಸಲ್ಯಮ್ಮ ಕಣ್ಣು ಮುಚ್ಚಿ ಮದುವೆ ನೋಡುತ್ತಾರೆ. ವಿಮರ್ಶಕರು ಮೆಚ್ಚುತ್ತಿದ್ದರು.

ಕೌಸಲ್ಯಮ್ಮ ನನ್ನ ಮೇಲೇ ಹರಿಹಾಯ್ದರು. “ಕಣ್ಣು ಮುಚ್ಕೊಂಡು ನೋಡೋದಾದ್ರೆ ಇಷ್ಟು ವೈರ್ ಯಾಕ್ರೀ ಎಳೆಸಿದ್ರಿ?” ಆಮೇಲೆ ಸತ್ಯಮೂರ್ತಿಯತ್ತ ತಿರುಗಿದರು. “ಮೂರ್ತಿ, ಕಾಲು ಮುರಿದ್ಮೇಲೆ ಅಲಮೇಲು ಕೆಳಗಿನ ಈ ಮನೆ ನಂಗೆ ಬಿಟ್ಟು, ಮೇಲಿನ ನನ್ನ ಮನೆಗೆ ಹೋದ್ಲಲ್ವೇನಪ್ಪ? ಪಾತ್ರೆ, ದೇವ್ರು ಎಲ್ಲಾ ಕೆಳಗೆ ಬಂತು. ವೈರ್ ಬಂತಾ?”

ಸತ್ಯಮೂರ್ತಿ ನಾಲಿಗೆ ಕಚ್ಚಿಕೊಂಡು ಮೆಟ್ಟಿಲು ಹತ್ತಿ ಓಡಿದ. ‘ಅಲಮೇಲು’ ಚೀಟಿಯ ವೈರು ಸಿಕ್ಕಿಸಿದ. ಕೆಳಗೆ ಚಿತ್ರ ಬಂತು: ಸಾಲುಸಾಲು ಜನ ಹೋಳಿಗೆ ತಿನ್ನುತ್ತಿದ್ದರು. ಧಾರೆ ಮುಗಿದುಹೋಗಿತ್ತು.

“ಅತ್ತೆ, ರೈಲಿಗೆ ಹೊತ್ತಾಯ್ತು,” ಎಂದು ತಿರುಮಲೇಶ ಬ್ಯಾಗು ಹೆಗಲಿಗೇರಿಸಿದ.

ಮುಕ್ತಾಯ (ಅಲ್ಲ)
ಕ್ಯಾಸೆಟ್ ಹೋಯಿತೆಂದು ಬರೆಯಬಹುದು. ತಿರುಮಲೇಶ ಮನಸ್ಸು ಕರಗಿ ಉಳಿದನೆಂದೂ ಬರೆಯಬಹುದು. ಆದರೆ ಕೌಸಲ್ಯಮ್ಮ ಅವನನ್ನು ಕೇಳಲೇ ಇಲ್ಲ, ನನ್ನನ್ನು ಕೇಳಿದರು.

“ಆ ರೈಲು ನೀವು ಬರೆದದ್ದೇ ತಾನೇ?”

“ಹೌದಮ್ಮಾ.”

“ಹಾಗಾದ್ರೆ ನಿಲ್ಲಿಸಿ. ಮೂರ್ತೀ, ರಿವೈಂಡ್ ಮಾಡಪ್ಪಾ!”

ಕ್ಯಾಸೆಟ್ ಹಿಂದಕ್ಕೆ ಸುತ್ತುತ್ತಿದೆ. ಅಜ್ಜಿ ಕನ್ನಡಕ ಒರೆಸಿಕೊಳ್ಳುತ್ತಿದ್ದಾರೆ. ಆಮೇಲೇನಾಯಿತು ಎಂದು ಕೇಳಬೇಡಿ. ಆ ರೈಲು ಹೊರಡುವ ವಾಕ್ಯವನ್ನು ನಾನು ಬರೆಯುವುದಿಲ್ಲ.